ಎಡದ ತೋಳು

ಬಸ್ಸಿನಿಂದ ಇಳಿಯುವಾಗ ಎಡಗೈಯಲ್ಲಿ ಕಂಬಿ ಹಿಡಿದದ್ದರಿಂದ ಅವಳ ಮೈ ಅರ್ಧ ತಿರುಗಿಕೊಂಡು, ಹಿಂದಿದ್ದವನ ಚೀಲಕ್ಕೆ ಮೊಣಕೈ ಬಡಿಯಿತು. ‘ನೋಡ್ಕೊಂಡು ಇಳೀರಿ ಅಜ್ಜಿ’ ಎಂದ ಅವನು. ಅಜ್ಜಿಯಂತೆ! ಅವನ ಕಿವಿಯ ಪಕ್ಕದ ಕೂದಲೂ ಬೆಳ್ಳಗಾಗಿತ್ತು. ತಿರುಗಿ ಏನಾದರೂ ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ರಸ್ತೆ ದಾಟಿ ಹೋಗಿಯಾಗಿತ್ತು. ಅವನ ಮೈಮೇಲಿದ್ದದ್ದು ಮೆಷಿನ್ನಿನ ಸ್ವೆಟರು, ಅದೂ ತೊಳೆದು ತೊಳೆದು ಬುಡ ಜೋತುಬಿದ್ದದ್ದು. ಅಂಥದ್ದನ್ನು ಹಾಕಿಕೊಂಡವನ ಬಾಯಿಂದ ಇನ್ನೇನು ಬಂದೀತು ಎಂದು ಸಮಾಧಾನ ಮಾಡಿಕೊಂಡಳು. ಬಲಗೈ ಜೇಬಿನಲ್ಲಿತ್ತು. ಕೆಲವು ತಿಂಗಳಿಂದ ಅದು ಅಲ್ಲೇ ಇರುತ್ತದೆ, ಮರ್ಯಾದೆ ಕಳೆಯುವ ನೆಂಟನನ್ನು ಒಳಕೋಣೆಯಲ್ಲಿ ಕೂರಿಸಿದ ಹಾಗೆ. ಹೆಬ್ಬೆರಳಿನ ಬುಡದಲ್ಲಿ ಏನೋ ಕಚ್ಚುತ್ತಿತ್ತು. ಚಳಿಗೆ ಎಂದುಕೊಂಡಳು. ಮೊದಲು ಉಕ್ಕಿನ ಕಡ್ಡಿಯಿಂದ ಎಂದುಕೊಂಡು ಮರದ ಕಡ್ಡಿ ತಂದಿದ್ದಳು. ಆಮೇಲೆ ದಪ್ಪ ಉಲ್ಲನ್ನಿನಿಂದ ಎಂದುಕೊಂಡು ಸಣ್ಣದಕ್ಕೆ ಇಳಿದಿದ್ದಳು. ಈಗ ದೂರುವುದಕ್ಕೆ ಚಳಿಯೊಂದೇ ಉಳಿದಿತ್ತು.

ಇವತ್ತು ಶೋರೂಮಿನವಳು ಬರುತ್ತಾಳೆ. ದೊಡ್ಡ ನಗರದ ದೊಡ್ಡ ಶೋರೂಮು. ಅಲ್ಲಿ ಗಾಜಿನ ಹಿಂದೆ ಒಂದೇ ಒಂದು ಉಡುಪು ತೂಗುಹಾಕಿ ಸುತ್ತ ಜಾಗ ಖಾಲಿ ಬಿಡುತ್ತಾರಂತೆ. ಅರ್ಧ ಹೆಣೆದಿದ್ದ ಬೂದುಬಣ್ಣದ ಉದ್ದನೆಯ ಉಲ್ಲನ್ ಕೋಟಿನ ಫೋಟೋ ನೋಡಿ ಆಕೆಯೇ ಫೋನ್ ಮಾಡಿದ್ದಳು. ಕೋಟು ಹಿಡಿಸಿದರೆ ತಿಂಗಳಿಗೊಂದರಂತೆ ತೆಗೆದುಕೊಳ್ಳುತ್ತೇವೆ ಎಂದಿದ್ದಳು. ಅಂದರೆ ಬದುಕಬಹುದು. ಅಣ್ಣನ ಮನೆಯ ಮೇಲಿನ ಕೋಣೆ ಬಿಟ್ಟು, ಮೆಟ್ಟಿಲಿಳಿಯುವಾಗೆಲ್ಲ ಅತ್ತಿಗೆಯ ಮುಖ ನೋಡುವುದು ಬಿಟ್ಟು, ಹೆಣೆದೇ ಬದುಕಬಹುದು. ಹಿಡಿಸದಿದ್ದರೆ ಸೋಮವಾರ ಇನ್ಶೂರೆನ್ಸ್ ಆಫೀಸು. ಅಣ್ಣ ಯಾರ ಯಾರ ಕೈಕಾಲೋ ಹಿಡಿದು ಅದೇ ಆಫೀಸಿನಲ್ಲಿ ಅದೇ ಸೆಕ್ಷನ್ನಿನಲ್ಲಿ ಜಾಗ ಕೊಡಿಸಿದ್ದ. ‘ನಾನು ಮನುಷ್ಯಳಾಗಿ ಬದುಕಬೇಕು’ ಎಂದು ಎಲ್ಲರೆದುರು ಹೇಳಿ ಎದ್ದುಬಂದ ಕುರ್ಚಿ ಅದು. ಬೆಳಿಗ್ಗೆ ಅತ್ತಿಗೆ ದೋಸೆ ತಿರುವಿದ ಹಾಗೆ ಮಾತು ತಿರುವುತ್ತ, ‘ಹೋಗು ಮಾರಾಯ್ತಿ, ಕಡ್ಡಿ ಅಲ್ಲಾಡಿಸಿ ಯಾರು ಉದ್ಧಾರ ಆಗಿದಾರೆ’ ಎಂದಿದ್ದಳು. ಆ ಹೊತ್ತಿಗೆ ಇವಳು ಜಾಡಿಯ ಮುಚ್ಚಳ ತೆಗೆಯಲಾಗದೆ ಅದೇ ಅತ್ತಿಗೆಯ ಮುಂದೆ ಜಾಡಿ ಹಿಡಿದು ನಿಂತಿದ್ದಳು.

ಕೋಟು ಮುಗಿದಿರಲಿಲ್ಲ. ಬೆನ್ನು, ಎದೆಯ ಎರಡು ಭಾಗ, ಬಲದ ತೋಳು ಆಗಿತ್ತು. ಎಡದ ತೋಳು, ಕಾಲರು, ಗುಂಡಿ ಬಾಕಿ. ಎಡದ ತೋಳಿನ ಮೊದಲ ನಾಲ್ಕು ಸಾಲು ಹಾಕಿದಾಗ ಹೆಬ್ಬೆರಳು ಕಡ್ಡಿ ಬಿಟ್ಟಿತ್ತು, ಕುಣಿಕೆಗಳು ಒಂದರ ಹಿಂದೊಂದು ಜಾರಿ ಬಿದ್ದಿದ್ದವು. ಹೋದ ಶನಿವಾರ ಎಲ್ಲವನ್ನೂ ಚೀಲಕ್ಕೆ ತುರುಕಿ ಉಲ್ಲನ್ ಅಂಗಡಿಯ ಕಪಾಟಿನಲ್ಲಿಟ್ಟು, ‘ಯಾಕೋ ಈ ಕೋಟು ನನಗೆ ಒಲೀತಿಲ್ಲ, ಮನಸ್ಸಿಲ್ಲ’ ಎಂದು ಬಂದಿದ್ದಳು. ಮನಸ್ಸಿಲ್ಲ ಎಂಬುದು ಕಲಾವಿದರು ಆಡಬಹುದಾದ ಮಾತು. ಕೈಯಲ್ಲಿ ಆಗುತ್ತಿಲ್ಲ ಎಂಬುದು ಮುದುಕಿಯರು ಆಡುವ ಮಾತು. ಅಲ್ಲಿನ ಹೆಣಿಗೆ ಬಳಗದ ಹೆಂಗಸರು ನಂಬಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ, ನಂಬದೆ ಏನು. ಶೋರೂಮಿನವಳಿಗೂ ಇದನ್ನೇ ಹೇಳುವುದೆಂದು ನಿರ್ಧರಿಸಿ, ಡ್ರೈಕ್ಲೀನಿಂಗ್ ಅಂಗಡಿಯ ಗಾಜಿನಲ್ಲಿ ತನ್ನ ಮುಖ ನೋಡುತ್ತ ಹೇಳಿ ನೋಡಿದಳು: ‘ನನಗೇ ಹಿಡಿಸಲಿಲ್ಲ, ನಿಲ್ಲಿಸಿದೆ.’ ಗಾಜಿನ ಆಚೆ ಯಾರದೋ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದವನು ತನಗೇ ಹೇಳಿದ್ದೆಂದು ತಲೆಯೆತ್ತಿ ಏನು ಎಂಬಂತೆ ಹುಬ್ಬು ಹಾರಿಸಿದ.

ಉಲ್ಲನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಸೇರುವ ಹೆಂಗಸರಿಗೆ ಹೆಣಿಗೆ ಬಳಗ ಎಂದು ಹೆಸರು. ಹೆಸರಿಟ್ಟವಳು ಅಂಗಡಿಯ ಒಡತಿ. ಎಲ್ಲರಿಗೂ ಅವಳು ಅಂಗಡಿ ಅಕ್ಕ. ಬಳಗದಲ್ಲಿ ಕೆಟ್ಟದ್ದು ಎಂಬುದೇ ಇರಲಿಲ್ಲ. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತಳಾದವಳು ಒಂದು ಆನೆಗೂ ಒಂದು ಬೆಕ್ಕಿಗೂ ಆಗುವಂಥ ಒಂದು ಜೊತೆ ಕಾಲುಚೀಲ ಹೆಣೆದು ತಂದರೆ, ‘ಅಯ್ಯೋ, ಎರಡೂ ಬೇರೆ ಬೇರೆ ಥರ, ಎಷ್ಟು ಮಜವಾಗಿದೆ!’ ಎನ್ನುತ್ತಿದ್ದರು. ಡಾಕ್ಟರ ಹೆಂಡತಿ ವರ್ಷವಿಡೀ ಒಂದೇ ಮಫ್ಲರು ಹೆಣೆಯುತ್ತಿದ್ದಳು. ಅದು ಉದ್ದವಾಗುತ್ತ ಹೋದ ಹಾಗೆ ಅಗಲವೂ ಆಗುತ್ತ ಹೋಗಿ ಈಗ ಮಫ್ಲರೋ ಮೇಜುಬಟ್ಟೆಯೋ ತಿಳಿಯದಂತಾಗಿತ್ತು. ಪ್ರತಿ ವಾರ ಅದನ್ನು ಎತ್ತಿ ಹಿಡಿಯುವುದು, ಪ್ರತಿ ವಾರ ಎಲ್ಲರೂ ಚಪ್ಪಾಳೆ ತಟ್ಟುವುದು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಇಲ್ಲಿ ಪಕ್ಕದ ಮನೆಯವರ ಹೆಗ್ಗಣವೂ ಮುದ್ದು. ಅವಳು ಈ ಕೋಣೆಗೆ ಬರುತ್ತಿದ್ದದ್ದು ಅಂಗಡಿ ಅಕ್ಕ ಉಲ್ಲನ್ನನ್ನು ಕೊಂಡ ಬೆಲೆಗೆ ಕೊಡುತ್ತಿದ್ದಳೆಂದು, ಮತ್ತೆ, ಸುಳ್ಳೇಕೆ, ಇಷ್ಟು ಜನರಿಗಿಂತ ಮೇಲೆ ಕೂರುವ ಸುಖ ಬೇರೆಲ್ಲೂ ಅವಳಿಗೆ ಸಿಗುತ್ತಿರಲಿಲ್ಲವೆಂದು. ಮೊದಲ ದಿನವೇ ಯಾರದೋ ಸಾಲಿನಲ್ಲಿ ಬಿಟ್ಟುಹೋದ ಕುಣಿಕೆ ತೋರಿಸಿದ್ದಕ್ಕೆ ಅವಳನ್ನು ಟೀಚರ್ ಎಂದು ಕರೆಯತೊಡಗಿದ್ದರು. ಅವಳು ಏನನ್ನೂ ಕಲಿಸಿರಲಿಲ್ಲ. ಕಲಿಸುವುದಕ್ಕೆ ಎದುರಿಗಿರುವವರ ಮೇಲೆ ಒಂದು ಗೌರವ ಬೇಕಾಗುತ್ತದೆ. ಅವಳ ಅಮ್ಮ ಒಂದು ಮಾತಾಡದೆ ಅವಳ ಕೈಯಿಂದ ಹೆಣಿಗೆ ಕಿತ್ತುಕೊಂಡು ಸರಸರನೆ ಬಿಚ್ಚುತ್ತಿದ್ದಳು. ಅಡುಗೆಮನೆಯ ನೆಲದ ಮೇಲೆ ಉಲ್ಲನ್ನು ಸುರುಳಿ ಸುರುಳಿಯಾಗಿ ಬೀಳುತ್ತಿತ್ತು, ಅವಳು ಅಳುತ್ತ ಮತ್ತೆ ಉಂಡೆ ಸುತ್ತುತ್ತಿದ್ದಳು. ತಂಗಿಯ ಹೆಣಿಗೆಯನ್ನು ಮಾತ್ರ ಅಮ್ಮ ಎಂದೂ ಬಿಚ್ಚಲಿಲ್ಲ. ‘ಚೆನ್ನಾಗಿದೆ ಕಂದ, ಹೋಗಿ ಆಡ್ಕೋ’ ಎನ್ನುತ್ತಿದ್ದಳು. ಯಾರನ್ನು ಅಮ್ಮ ಲೆಕ್ಕಕ್ಕೆ ಇಟ್ಟಿದ್ದಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಾಗಿಲು ತಳ್ಳಿದೊಡನೆ ಚಪ್ಪಾಳೆ. ಅವಳು ಬೆಚ್ಚಿ ಹಿಂದೆ ನೋಡಿದಳು, ಶೋರೂಮಿನವಳು ತನ್ನ ಬೆನ್ನ ಹಿಂದೆಯೇ ಬಂದಳೇನೋ ಎಂದು. ಯಾರೂ ಇರಲಿಲ್ಲ. ‘ಕಣ್ಣು ಮುಚ್ಕೊಳ್ಳಿ ಟೀಚರ್’ ಎಂದಳು ಡಾಕ್ಟರ ಹೆಂಡತಿ. ‘ಯಾಕೆ?’ ‘ಮುಚ್ಕೊಳ್ಳಿ ಅಂದ್ರೆ ಮುಚ್ಕೊಳ್ಳಿ, ಪ್ಲೀಸ್.’ ಇಷ್ಟು ವಯಸ್ಸಾದ ಹೆಂಗಸರು ಮಕ್ಕಳ ಹಾಗೆ ಕುಣಿಯುವುದನ್ನು ನೋಡಲಾರದೆಯೇ ಕಣ್ಣು ಮುಚ್ಚಿದಳು. ತೆಗೆದಾಗ ಕಿಟಕಿಯ ಕೊಕ್ಕೆಗೆ ಕೋಟು ತೂಗುತ್ತಿತ್ತು. ಪೂರ್ತಿ ಕೋಟು. ಎರಡು ತೋಳು, ಕಾಲರು, ಮರದ ಗುಂಡಿಗಳು. ‘ಮನಸ್ಸಿಲ್ಲ ಅಂದ್ರಲ್ಲ, ನಾವೇ ಕೂತು ಮುಗಿಸಿದ್ವಿ’ ಎಂದಳು ಅಂಗಡಿ ಅಕ್ಕ. ‘ವಾರವೆಲ್ಲ ಇದೇ ಕೆಲಸ ನಮಗೆ. ಕಾಲರ್ ಕ್ಯಾಶಿಯರ್‌ದು, ಗುಂಡಿ ಡಾಕ್ಟರ್ ಮನೆಯವ್ರದು. ತೋಳು ನಮ್ಮ ನರ್ಸಮ್ಮಂದು. ಬಲಗಡೆದು ಪಕ್ಕದಲ್ಲಿಟ್ಕೊಂಡು ಸಾಲಿಗೆ ಸಾಲು ನೋಡಿ ಹಾಕಿದಾರೆ.’ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನರ್ಸಮ್ಮ ಕುರ್ಚಿಯಿಂದ ಏಳದೆ ಕೈ ಬೀಸಿ, ‘ಬಿಡಿ, ಅದೇನು ಮಹಾ’ ಎಂದಳು. ಮುಖ ಮಾತ್ರ ಕೆಂಪಾಗಿತ್ತು. ಇವಳು ಕೊಕ್ಕೆಯ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಳು. ಎಲ್ಲರೂ ಅದನ್ನು ಕೃತಜ್ಞತೆ ಎಂದುಕೊಂಡರು, ಕ್ಯಾಶಿಯರ್ ಕರ್ಚೀಫು ಹುಡುಕತೊಡಗಿದಳು. ನನ್ನ ಚೀಲ ತೆಗೆಯಲು ಇವರಿಗೆ ಯಾರು ಹೇಳಿದರು, ನನ್ನ ಕೋಟಿಗೆ ಕೈ ಹಾಕಲು ಯಾರು ಹೇಳಿದರು ಎಂದು ಕೂಗಬೇಕೆನಿಸಿತು. ಜೊತೆಗೇ, ಒಂದು ಕ್ಷಣ, ಸೋಮವಾರದ ಕುರ್ಚಿ ದೂರ ಸರಿದಂತಾಗಿ ಹೊಟ್ಟೆಯೊಳಗೆ ನಾಚಿಕೆಯಿಲ್ಲದ ಒಂದು ನೆಮ್ಮದಿ ಹರಡಿತು. ಹತ್ತಿರ ಹೋಗಿ ಎಡದ ತೋಳನ್ನು ಮುಟ್ಟಿದಳು.

ಮುಟ್ಟಬೇಕಾಗಿಯೂ ಇರಲಿಲ್ಲ. ಹೆಣಿಗೆಯ ಪ್ರತಿ ಕುಣಿಕೆಗೂ ಎರಡು ಕಾಲಿರುತ್ತವೆ, ಮುಂದೊಂದು, ಹಿಂದೊಂದು. ಕಡ್ಡಿಯ ಮೊನೆ ಮುಂದಿನ ಕಾಲಿಗೆ ಹೋಗಬೇಕು. ನರ್ಸಮ್ಮನದು ಹಿಂದಿನ ಕಾಲಿಗೆ ಹೋಗುತ್ತಿತ್ತು. ನರ್ಸಿಂಗ್ ಹಾಸ್ಟೆಲಿನಲ್ಲಿ ಯಾರೋ ಹಾಗೆ ಕಲಿಸಿದ್ದರಂತೆ, ಅಲ್ಲಿಂದ ಇಲ್ಲಿಯವರೆಗೆ ಅವಳು ಹೆಣೆದ ಎಲ್ಲ ಕುಣಿಕೆಗಳೂ ಕತ್ತು ತಿರುಚಿಕೊಂಡಿದ್ದವು. ದೂರದಿಂದ ಕಾಣುವುದಿಲ್ಲ. ಗೊತ್ತಿಲ್ಲದವರಿಗೆ ಹತ್ತಿರದಿಂದಲೂ ಕಾಣುವುದಿಲ್ಲ. ಆದರೆ ಬಟ್ಟೆ ಬಿಗಿಯಾಗುತ್ತದೆ, ಎಳೆದರೆ ಹಿಗ್ಗುವುದಿಲ್ಲ, ನಿಧಾನವಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಅವಳಿಗೆ ಇದು ಆರೇಳು ವರ್ಷದ ಹಿಂದೆಯೇ, ನರ್ಸಮ್ಮ ಬಳಗಕ್ಕೆ ಬಂದ ಹೊಸದರಲ್ಲೇ ಕಂಡಿತ್ತು. ಕಂಡ ದಿನ ಹೇಳಲು ಬಾಯಿ ತೆರೆದವಳು ಏನೋ ಅಡ್ಡ ಬಂದು ಮುಚ್ಚಿಕೊಂಡಳು. ಮುಂದಿನ ವಾರ ಹೇಳಬಹುದಿತ್ತು. ಆದರೆ ಅಷ್ಟರೊಳಗೆ ಅದು ಕೆನ್ನೆಯೊಳಗಿನ ಪೆಪ್ಪರಮಿಂಟಿನ ಹಾಗೆ ರುಚಿ ಬಿಡತೊಡಗಿತ್ತು. ನರ್ಸಮ್ಮ ಮಾತಾಡುತ್ತ, ನಗುತ್ತ, ಕೈಯ ಕಡೆ ಕಣ್ಣೂ ಹಾಯಿಸದೆ ಹೆರಿಗೆ ಆಸ್ಪತ್ರೆಯ ಕೂಸುಗಳಿಗೆ ಟೋಪಿ ಮೇಲೆ ಟೋಪಿ ಹೆಣೆಯುವಳು. ‘ನರ್ಸಮ್ಮನ ಕೈ ಅಂದ್ರೆ ಕೈ’ ಎಂದು ಉಳಿದವರು ಹೊಗಳುವರು. ಇವಳು ತಲೆತಗ್ಗಿಸಿ ತನ್ನ ಸಾಲು ಹೆಣೆಯುತ್ತ ಒಳಗೊಳಗೇ ಚೀಪುವಳು. ಆಫೀಸಿನಲ್ಲಿ ಮೇಲಿನವರು ಅವಳ ಟಿಪ್ಪಣಿಯನ್ನು ಓದದೆ ಸಹಿ ಮಾಡಿದ ದಿನಗಳಲ್ಲಿ, ಅಣ್ಣ ತನ್ನ ಸ್ನೇಹಿತರಿಗೆ ‘ಇವಳು ಮನೇಲೇ ಇರ್ತಾಳೆ, ಏನೋ ಹೆಣೀತಾಳೆ’ ಎಂದು ಪರಿಚಯಿಸಿದ ದಿನಗಳಲ್ಲಿ, ಶನಿವಾರ ಬಂದು ಆ ತಿರುಚಿದ ಕುಣಿಕೆಗಳನ್ನು ನೋಡಿದರೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ತಿದ್ದಲು ನರ್ಸಮ್ಮನೇನು ತನ್ನ ಮಗಳೇ? ತಂಗಿಯ ಹಾಗೆ ಹೋಗಿ ಆಡಿಕೊಳ್ಳಲಿ. ಈಗ ಅದೇ ಕುಣಿಕೆಗಳು, ಸಾಲಿಗೆ ಸಾಲು, ಅವಳ ಕೋಟಿನ ಎಡದ ಹೆಗಲಿನಿಂದ ಮಣಿಕಟ್ಟಿನವರೆಗೆ ಇಳಿದು ಬಂದಿದ್ದವು.

‘ಹೇಗಿದೆ?’ ಎಂದಳು ನರ್ಸಮ್ಮ. ‘ಚೆನ್ನಾಗಿದೆ’ ಎಂದಳು ಅವಳು. ಈ ಕೋಣೆಯ ಭಾಷೆಯಲ್ಲಿ ಅದಕ್ಕಿಂತ ಬೇರೆ ಶಬ್ದವೂ ಇರಲಿಲ್ಲ.

ಶೋರೂಮಿನವಳು ಹೇಳಿದ ಹೊತ್ತಿಗೇ ಬಂದಳು. ಗಿಡ್ಡ ಕೂದಲು, ಸರಪಳಿಗೆ ತೂಗುವ ಕನ್ನಡಕ. ಅಂಗಡಿ ಅಕ್ಕ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರೆ ಬೇಡವೆಂದು ಕೈಯನ್ನೂ ಎತ್ತದೆ ಬರಿ ಕಣ್ಣಿನಲ್ಲೇ ಹೇಳಿದಳು. ಅದು ಇವಳಿಗೆ ಹಿಡಿಸಿತು. ಇಷ್ಟು ದಿನದ ಮೇಲೆ ಈ ಕೋಣೆಗೆ ಒಬ್ಬಳು ಮನುಷ್ಯಳು ಬಂದಳು ಎಂದುಕೊಂಡಳು. ಶೋರೂಮಿನವಳು ಕೋಟನ್ನು ಕೊಕ್ಕೆಯಿಂದ ತೆಗೆದು ಮೇಜಿನ ಮೇಲೆ ಹಾಸಿ, ಒಳಹೊರಗು ಮಾಡಿ, ಬೆನ್ನನ್ನು ಹಿಡಿದೆಳೆದಳು, ಬಿಟ್ಟಳು. ಬೆನ್ನಿನ ಒಳಭಾಗದಲ್ಲಿ, ಕುತ್ತಿಗೆಯ ಕೆಳಗೆ, ಇವಳು ಮೊದಲೇ ಹೊಲಿದಿಟ್ಟಿದ್ದ ಪುಟ್ಟ ಬಟ್ಟೆಯ ಚೀಟಿ ಇತ್ತು: ಒಂದೇ ಕೈಯ ಹೆಣಿಗೆ. ಶೋರೂಮಿನವಳು ಕನ್ನಡಕ ಏರಿಸಿ ಅದನ್ನು ಓದಿದಳು. ‘ಬೆನ್ನು ತುಂಬ ಚೆನ್ನಾಗಿದೆ. ಇಂಥ ಕೈ ನಾನು ಈಚೆಗೆ ನೋಡಿಲ್ಲ’ ಎಂದಳು. ಅವಳ ಮೈ ಜುಮ್ಮೆಂದಿತು. ಹೊಗಳಿಕೆಗೆ ಹೊಗಳಿಕೆ ಎಂಬ ಬೆಲೆ ಇನ್ನೂ ಉಳಿದಿದೆ ಎಂದಾಯಿತು. ಆಮೇಲೆ ಶೋರೂಮಿನವಳ ಬೆರಳು ಎಡದ ಹೆಗಲಿಗೆ ಬಂದು ನಿಂತಿತು. ಅಲ್ಲಿಂದ ಕೆಳಗೆ ನಿಧಾನವಾಗಿ ಹರಿಯಿತು, ಸಾಲುಗಳು ವಾಲಿದ ದಿಕ್ಕಿಗೆ ತಾನೂ ವಾಲುತ್ತ. ಎರಡೂ ತೋಳನ್ನು ಪಕ್ಕಪಕ್ಕ ಇಟ್ಟಳು. ‘ಇದು?’

‘ಎಲ್ಲಾ ಟೀಚರ್ ಹಾಕಿದ್ದೇ’ ಎಂದುಬಿಟ್ಟಳು ಅಂಗಡಿ ಅಕ್ಕ. ‘ಹೌದು, ಅವರದೇ ಕೈ’ ಎಂದಳು ನರ್ಸಮ್ಮ, ಇನ್ನೂ ದೊಡ್ಡ ದನಿಯಲ್ಲಿ, ತನ್ನ ತೋಳನ್ನು ದಾನ ಕೊಟ್ಟುಬಿಡುತ್ತ. ಇಬ್ಬರೂ ಕಣ್ಣು ಅರಳಿಸಿ ಅವಳನ್ನು ನೋಡುತ್ತಿದ್ದರು, ಶಾಲೆಯ ನಾಟಕದಲ್ಲಿ ಮಾತು ಮರೆತ ಮಗುವಿಗೆ ತಾಯಂದಿರು ಸನ್ನೆ ಮಾಡುವ ಹಾಗೆ. ಆ ಪ್ರೀತಿಯೇ ಅವಳ ತಾಳ್ಮೆ ಕೆಡಿಸಿತು. ಈ ವಾಲಿದ ತೋಳು ತನ್ನದು ಎಂದು ಶೋರೂಮಿನವಳು ನಂಬಿಬಿಟ್ಟರೆ? ಸುಳ್ಳಿನ ಭಯವಲ್ಲ, ಈ ಕುಣಿಕೆಗಳು ತನ್ನ ಹೆಸರಿಗೆ ಬೀಳುವ ಭಯ. ‘ನನ್ನದಲ್ಲ ಅದು’ ಎಂದಳು. ‘ಇವರು ಹಾಕಿದ್ದು. ಇವರು ಕಡ್ಡೀನ ಹಿಂದಿನ ಕಾಲಿಗೆ ಹಾಕ್ತಾರೆ, ಪ್ರತಿ ಕುಣಿಕೆನೂ ತಿರುಚ್ಕೊಳ್ಳುತ್ತೆ. ಮೊದಲಿನಿಂದಲೂ ಹಾಗೇ.’ ಶೋರೂಮಿನವಳು ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎಂಬಂತೆ. ‘ಹಾಗೇ ಅಂದ್ಕೊಂಡೆ’ ಎಂದು ಕನ್ನಡಕ ಇಳಿಬಿಟ್ಟಳು.

‘ಮೊದಲಿನಿಂದಲೂ ಅಂದ್ರೆ?’ ಎಂದಳು ನರ್ಸಮ್ಮ.

ಅವಳು ಕೋಟು ಮಡಚುವುದರಲ್ಲಿ ತೊಡಗಿದಳು. ಎಡಗೈಯೊಂದರಲ್ಲೇ ಮಡಚುತ್ತಿದ್ದುದರಿಂದ ಅದು ಮಡಚಿಕೊಳ್ಳಲಿಲ್ಲ. ‘ಟೀಚರ್, ಮೊದಲಿನಿಂದಲೂ ಅಂದ್ರೆ ಯಾವಾಗಿನಿಂದ?’ ಕೋಪವಿರಲಿಲ್ಲ ಆ ದನಿಯಲ್ಲಿ. ಜ್ವರ ಯಾವಾಗಿನಿಂದ ಎಂದು ರೋಗಿಯನ್ನು ಕೇಳುವ ದನಿ ಅದು. ‘ಹಾಗಾದ್ರೆ ಆ ಟೋಪಿಗಳು? ಬಿಗಿಯಾಗುತ್ತೆ ಸಿಸ್ಟರ್, ಮಗು ಅಳುತ್ತೆ ಅಂತಿದ್ರು ತಾಯಂದಿರು. ನಿಮ್ಮ ಮಗುದು ತಲೆ ದೊಡ್ಡದು ಕಣಮ್ಮ, ಬುದ್ಧಿವಂತ ಆಗ್ತಾನೆ ಅಂತ ನಾನು ಹೇಳ್ತಿದ್ದೆ. ಎಲ್ರಿಗೂ ಹೇಳ್ತಿದ್ದೆ.’ ಡಾಕ್ಟರ ಹೆಂಡತಿಗೆ ನಗು ಬಂತು, ಬಂದದ್ದಕ್ಕೆ ಹೆದರಿ ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡಳು. ನರ್ಸಮ್ಮ ನಗಲಿಲ್ಲ. ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತ ಕೂತಳು.

ಶೋರೂಮಿನವಳನ್ನು ಕಾರಿನವರೆಗೆ ಬಿಡಲು ಅವಳು ಜೊತೆಗೆ ಹೋದಳು. ಬೀಗದ ಕೈ ಮಾಡುವವನ ಅರದ ಸದ್ದಿಗೆ ಶೋರೂಮಿನವಳು ಮುಖ ಸಿಂಡರಿಸಿದಳು, ಅವಳೂ ಸಿಂಡರಿಸಿದಳು. ‘ಆ ತೋಳು ಬಿಚ್ಚಿ ನೀವೇ ಹಾಕಿ ಕಳಿಸಿ. ಕಾಲರೂ ನೋಡ್ಕೊಳ್ಳಿ. ತಿಂಗಳ ಕೊನೆಗೆ ಸಿಕ್ಕಿದ್ರೆ ಸಾಕು’ ಎಂದಳು. ‘ಆಮೇಲಿನದ್ದು ಮಾತಾಡ್ದ ಹಾಗೇ. ತಿಂಗಳಿಗೊಂದು. ಆದ್ರೆ ನಿಮ್ಮ ಕೈದೇ ಆಗಿರ್ಬೇಕು.’ ಆಗಲಿ ಎಂದಳು ಅವಳು. ಜೇಬಿನೊಳಗೆ ಹೆಬ್ಬೆರಳು ಒಮ್ಮೆ ಮಿಡಿಯಿತು. ಕಾರಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟು ಶೋರೂಮಿನವಳು ಹಿಂದೆ ಅಂಗಡಿಯ ಕಡೆ ನೋಡಿದಳು. ‘ಇವರ ಜೊತೆ ಹೇಗೆ ಕೂರ್ತೀರ ನೀವು? ಎಲ್ಲಾ ಊರಲ್ಲೂ ಇಂಥದ್ದೊಂದು ಗುಂಪು ಇರುತ್ತೆ. ಒಬ್ಬರಿಗೊಬ್ಬರು ಬೆನ್ನು ತಟ್ಕೊಂಡು. ಪಾಪ, ಗೊತ್ತಾಗಲ್ಲ ಅವರಿಗೆ. ಗೊತ್ತಾಗೋದೂ ಬೇಡ ಬಿಡಿ.’ ಅವಳು ನಕ್ಕಳು. ನಕ್ಕ ಸದ್ದು ಕಿವಿಗೆ ಬಿದ್ದಾಗ ಅದು ತನ್ನದೋ ಶೋರೂಮಿನವಳದೋ ತಿಳಿಯಲಿಲ್ಲ. ಈ ಮಾತುಗಳನ್ನು ಅವಳು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ನಿದ್ದೆ ಬಾರದಾಗ ಎಷ್ಟೋ ಸಲ ಆಡಿಕೊಂಡಿದ್ದಳು. ಇನ್ನೊಬ್ಬರ ಬಾಯಿಂದ ಕೇಳಿದಾಗ ಅವು ಇಷ್ಟು ಅಗ್ಗ ಎನಿಸಬಹುದೆಂದು ಯೋಚಿಸಿರಲಿಲ್ಲ. ಸರಪಳಿಯ ಕನ್ನಡಕ, ಬಿಸ್ಕತ್ತು ಬೇಡವೆಂದ ಕಣ್ಣು, ಕಾರಿನೊಳಗಿನ ಸುಗಂಧ ಎಲ್ಲದರ ಮೇಲೂ ಒಮ್ಮೆಲೇ ಹೇಸಿಗೆ ಹುಟ್ಟಿತು. ಆದರೂ ಕಾರು ತಿರುವು ದಾಟುವವರೆಗೆ ಕೈ ಬೀಸುತ್ತ ನಿಂತಿದ್ದಳು. ಕೆಲಸ ಸಿಕ್ಕಿತ್ತು. ಸೋಮವಾರ ಆಫೀಸಿಗೆ ಹೋಗಬೇಕಾಗಿಲ್ಲ. ಸಂತೋಷ ಆಗಿಯೂ ಆಗಿತ್ತು, ಮೀನಿನ ಮುಳ್ಳು ಸಿಕ್ಕಿಕೊಂಡ ಗಂಟಲಲ್ಲಿ ತುತ್ತು ಇಳಿದ ಹಾಗೆ.

ಕೋಟು ಒಳಗೇ ಉಳಿದಿತ್ತು, ಆದ್ದರಿಂದ ಹಿಂದಿರುಗಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡು ಹೋದಳು. ಬೈದರೆ ಒಳ್ಳೆಯದು, ಬೈಗುಳವನ್ನು ಹೇಗೆ ಎದುರಿಸಬೇಕೆಂದು ಅವಳಿಗೆ ಗೊತ್ತು. ನಿಮಗೆ ಒಬ್ಬರಿಗೂ ಹೆಣೆಯಲು ಬರುವುದಿಲ್ಲ ಎಂದು ಹೇಳಿ, ಚೀಲ ಎತ್ತಿಕೊಂಡು, ಈ ಬಾಗಿಲನ್ನು ಇನ್ನು ದಾಟದೆ ಇರಬಹುದು. ಒಳಗೆ ನರ್ಸಮ್ಮ ಆಗಲೇ ತೋಳನ್ನು ಹೆಗಲಿನಿಂದ ಬೇರೆ ಮಾಡಿ ಬಿಚ್ಚುತ್ತಿದ್ದಳು. ಕ್ಯಾಶಿಯರ್ ಎದುರು ಕೂತು ಬಿಚ್ಚಿದ ಉಲ್ಲನ್ನನ್ನು ಉಂಡೆ ಸುತ್ತುತ್ತಿದ್ದಳು. ‘ಬಾಗಿಲು ಹಾಕಿ ಟೀಚರ್, ಚಳಿ ಬರ್ತಿದೆ’ ಎಂದಳು ನರ್ಸಮ್ಮ, ತಲೆಯೆತ್ತದೆ. ‘ಹಾಕಿ ಬಂದು ಇಲ್ಲಿ ಕೂತ್ಕೊಳ್ಳಿ. ತೋರಿಸಿ, ಹೇಗೆ ಹಾಕ್ಬೇಕು ಅಂತ.’

ಅವಳು ಕೂತಳು. ಕಡ್ಡಿ ತೆಗೆದುಕೊಂಡಳು. ಬಲಗೈ ಹೊರಗೆ ಬಂತು. ‘ಇದು ಮುಂದಿನ ಕಾಲು. ಇಲ್ಲಿ ಹಾಕ್ಬೇಕು ಮೊನೆ. ನೀವು ಇಲ್ಲಿ ಹಾಕ್ತೀರ.’ ಒಂದು ಕುಣಿಕೆ ಹೆಣೆದಳು, ಇನ್ನೊಂದು ಹೆಣೆಯುವಷ್ಟರಲ್ಲಿ ಹೆಬ್ಬೆರಳು ಸುಟ್ಟಂತಾಗಿ ಕಡ್ಡಿಯನ್ನು ನರ್ಸಮ್ಮನ ಕೈಗೆ ಕೊಟ್ಟುಬಿಟ್ಟಳು. ನರ್ಸಮ್ಮ ಮೊನೆಯನ್ನು ಮುಂದಿನ ಕಾಲಿಗೆ ಹಾಕಿದಳು. ನೂಲು ಸುತ್ತಿದಳು. ಎಳೆದಳು. ಕುಣಿಕೆ ನೆಟ್ಟಗೆ, ಸಡಿಲವಾಗಿ ಕೂತಿತು. ಇನ್ನೊಂದು. ಮತ್ತೊಂದು. ‘ಇಷ್ಟೇನಾ?’ ಎಂದಳು. ‘ಇಷ್ಟೇ.’ ‘ಮತ್ತೇನಿಲ್ವಾ?’ ‘ಇಲ್ಲ.’ ನರ್ಸಮ್ಮ ಸಾಲು ಮುಗಿಸಿದಳು, ಎಲ್ಲೂ ತಪ್ಪದೆ. ಅವಳಿಗೆ ಅದು ಕಷ್ಟವಾಗಲಿ, ಮುದಿ ಕೈ ಹಳೆಯ ಚಟಕ್ಕೆ ಮರಳಲಿ ಎಂದು ಇವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಮರಳಲಿಲ್ಲ. ಇಷ್ಟು ವರ್ಷ ಇವಳು ಚೀಪುತ್ತ ಬಂದದ್ದು, ಅದರ ಬಲದಿಂದ ಈ ಕೋಣೆಯಲ್ಲಿ ತಲೆಯೆತ್ತಿ ಕೂತದ್ದು, ಹಾಲು ಉಕ್ಕುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಸಂಗತಿಯಾಗಿತ್ತು.

‘ಇದನ್ನ ಹೇಳೋಕೆ ಏನಾಗಿತ್ತು ನಿಮಗೆ?’ ಎಂದಳು ನರ್ಸಮ್ಮ. ಈಗ ದನಿಯಲ್ಲಿ ಕೋಪವಿತ್ತು. ಇವಳಿಗೆ ನಿಜ ಗೊತ್ತಿತ್ತು, ಅದು ನಾಲಿಗೆಯ ತುದಿಯಲ್ಲೇ ಇತ್ತು, ಮತ್ತೆ ಅದು ಎಷ್ಟು ಕ್ಷುಲ್ಲಕವಾಗಿತ್ತೆಂದರೆ ಅದನ್ನು ಹೇಳುವಷ್ಟು ದೊಡ್ಡತನವೂ ತನಗಿಲ್ಲವೆಂದು ಅದೇ ಹೊತ್ತಿಗೆ ತಿಳಿಯಿತು. ‘ನೀವು ಬೇಜಾರು ಮಾಡ್ಕೋತೀರೇನೋ ಅಂತ’ ಎಂದಳು. ಈ ಬಳಗದಲ್ಲೇ ಕಲಿತ ಮಾತು, ಈ ಬಳಗದ ನಾಣ್ಯ. ಅದನ್ನು ಅವರ ಕೈಗೇ ಹಾಕುತ್ತಿದ್ದಾಳೆಂದು ಅವರಿಗೆ ಗೊತ್ತಾಗುವುದೂ ಇಲ್ಲ ಎಂದುಕೊಂಡಳು.

ನರ್ಸಮ್ಮ ಅವಳನ್ನೇ ನೋಡಿದಳು. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು, ನಂಬಿದ್ದಳು. ‘ನಾವೂ ಹಾಗೇ ಅಂದ್ಕೊಂಡು ಸುಮ್ಮನಿದ್ವಿ’ ಎಂದಳು.

‘ಯಾವ ವಿಷಯ?’

‘ನಿಮ್ಮ ಕೈ.’ ನರ್ಸಮ್ಮ ಕಡ್ಡಿ ಕೆಳಗಿಟ್ಟು ಅವಳ ಬಲಗೈಯನ್ನು ಎಳೆದುಕೊಂಡು, ಹೆಬ್ಬೆರಳ ಬುಡವನ್ನು ಎರಡು ಬೆರಳಲ್ಲಿ ಒತ್ತಿದಳು. ಅವಳ ಬಾಯಿಂದ ಸದ್ದು ಹೊರಟುಬಿಟ್ಟಿತು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಟೀಚರ್? ಬೇಸಿಗೇಲೇ ಗೊತ್ತಾಯ್ತು ನನಗೆ, ನೀವು ಕತ್ತರಿನ ಎಡಗೈಲಿ ಹಿಡಿದಾಗ. ಕೀಲು ಸವೆದಿದೆ. ಇದು ಇನ್ನು ಹೆಣಿಗೆಗೆ ಆಗಲ್ಲ. ಮುಲಾಮು, ಪಟ್ಟಿ, ಏನು ಮಾಡಿದ್ರೂ ಹಿಂದಿನ ಹಾಗೆ ಆಗಲ್ಲ. ಇವರ ಯಜಮಾನ್ರನ್ನೂ ಕೇಳಿದ್ವಿ, ಅವರೂ ಅದನ್ನೇ ಅಂದ್ರು.’ ಡಾಕ್ಟರ ಹೆಂಡತಿ ಮಫ್ಲರಿನ ಅಂಚು ತಿದ್ದುತ್ತ ತಲೆಯಾಡಿಸಿದಳು. ‘ನೀವು ನೊಂದ್ಕೋತೀರ ಅಂತ ಯಾರೂ ಬಾಯಿ ಬಿಡ್ಲಿಲ್ಲ. ಮನಸ್ಸಿಲ್ಲ ಅಂದ್ರಿ, ಹೂಂ ಅಂದ್ವಿ. ಅದಕ್ಕೇ ತಾನೇ ಎಲ್ಲಾ ಕೂತು ಕೋಟು ಮುಗಿಸಿದ್ದು. ಇಲ್ಲದಿದ್ರೆ ನಿಮ್ಮ ಕೆಲಸಕ್ಕೆ ಕೈ ಹಾಕೋ ಧೈರ್ಯ ಯಾರಿಗಿದೆ ಇಲ್ಲಿ?’

ಬೇಸಿಗೆಯಿಂದ. ಅಷ್ಟೂ ಶನಿವಾರ ಈ ಹೆಂಗಸರು ಅವಳನ್ನು ನೋಡುತ್ತ ಕೂತಿದ್ದರು, ಅವಳು ತನ್ನ ನಿಧಾನಕ್ಕೆ ಒಂದೊಂದು ಹೊಸ ಕಾರಣ ಹೇಳುವುದನ್ನು ಕೇಳುತ್ತ, ಎದುರಿಗೆ ತಲೆಯಾಡಿಸುತ್ತ, ಅವಳು ಹೋದ ಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತ. ಅವಳು ನರ್ಸಮ್ಮನ ಕೈ ನೋಡಿ ಚೀಪುತ್ತಿದ್ದ ಹೊತ್ತಿನಲ್ಲಿ ನರ್ಸಮ್ಮ ಅವಳ ಕೈ ನೋಡುತ್ತಿದ್ದಳು. ಸುತ್ತ ಒಬ್ಬೊಬ್ಬರ ಮುಖವನ್ನೂ ಹುಡುಕಿದಳು. ಎಲ್ಲಾದರೂ ಒಂದಿಷ್ಟು ತಿರಸ್ಕಾರ ಕಂಡರೆ ಸಾಕಿತ್ತು. ಅದರ ಪರಿಚಯ ಅವಳಿಗಿತ್ತು, ಅದನ್ನು ಹಿಡಿದು ನಿಲ್ಲಬಹುದಿತ್ತು. ಕ್ಯಾಶಿಯರ್ ಉಂಡೆ ಸುತ್ತುತ್ತಿದ್ದಳು. ಅಂಗಡಿ ಅಕ್ಕ ಕಣ್ಣೊರೆಸಿಕೊಂಡು ಮೂಗು ಸೀಟಿದಳು. ತಿರಸ್ಕಾರ ಎಲ್ಲೂ ಇರಲಿಲ್ಲ.

‘ಈ ತೋಳು ನಾನು ಹಾಕ್ತೀನಿ’ ಎಂದಳು ನರ್ಸಮ್ಮ, ಕಡ್ಡಿ ಎತ್ತಿಕೊಳ್ಳುತ್ತ. ‘ಈಗ ಬಂತಲ್ಲ ಸರಿಯಾಗಿ. ಮುಂದಿನ ಕೋಟುಗಳನ್ನೂ ನೋಡ್ಕೊಳ್ಳೋಣ, ಇಷ್ಟು ಜನ ಇದೀವಿ. ನೀವು ಹೇಗೆ ಅಂತ ಹೇಳಿದ್ರೆ ಸಾಕು. ಚೀಟಿ ನಿಮ್ಮದೇ ಇರ್ಲಿ.’

‘ಒಂದೇ ಕೈ ಅಂತ ಇದೆ ಅದ್ರಲ್ಲಿ’ ಎಂದಳು ಅವಳು. ತನ್ನ ದನಿ ತನಗೇ ಕೇಳಿಸಲಿಲ್ಲ.

‘ಇರ್ಲಿ ಬಿಡಿ. ನಾವ್ಯಾರೂ ಹೇಳಲ್ಲ.’

ಬೇಡ ಎನ್ನಬೇಕಿತ್ತು. ಎದ್ದು ಹೋಗಿ ಸೋಮವಾರ ಆಫೀಸಿನ ಕುರ್ಚಿಯಲ್ಲಿ ಕೂರಬೇಕಿತ್ತು. ಅವಳು ಎದ್ದಳೂ ಇಲ್ಲ, ಬೇಡವೆಂದಳೂ ಇಲ್ಲ. ನರ್ಸಮ್ಮನ ಕೈಯಲ್ಲಿ ತೋಳು ನೆಟ್ಟಗೆ ಇಳಿಯುತ್ತಿತ್ತು, ಸಾಲಿನ ಕೆಳಗೆ ಸಾಲು, ಅವಳದೇ ಹೆಣಿಗೆಯ ಹಾಗೆ. ಯಾರಿಗೂ ವ್ಯತ್ಯಾಸ ತಿಳಿಯಲಾರದು. ಕ್ಯಾಶಿಯರ್ ಮೊಮ್ಮಗನ ಹಲ್ಲಿನ ವಿಷಯ ತೆಗೆದಳು, ಮಾತು ಮತ್ತೆ ಶುರುವಾಯಿತು. ಡಾಕ್ಟರ ಹೆಂಡತಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಒಂದು ಕಪ್ಪನ್ನು ಅವಳ ಮುಂದೆ ಇಟ್ಟಳು. ಇಟ್ಟವಳು, ಹಲ್ಲಿನ ಕಥೆ ಕೇಳುತ್ತಲೇ, ಕಪ್ಪನ್ನು ಸ್ವಲ್ಪ ತಿರುಗಿಸಿ ಅದರ ಹಿಡಿಯನ್ನು ಅವಳ ಎಡಗೈಯ ಕಡೆಗೆ ಮಾಡಿದಳು. ಅದನ್ನು ಮಾಡಲು ಅವಳು ಕಪ್ಪಿನ ಕಡೆ ನೋಡಬೇಕಾಗಿರಲಿಲ್ಲ, ಅಷ್ಟು ರೂಢಿಯಾಗಿತ್ತು.